ಮೊದಲೇ ಗುರುತು ಹಾಕಿಟ್ಟ ಚೌಕಗಳು: ಆನ್‌ಲೈನ್ ವೇದಿಕೆಗಳ ಹಿಡಿತದಿಂದ ಬಿಡಿಸಿಕೊಳ್ಳುವ ಬಗೆ

2022ನೇ ಇಸವಿಯಲ್ಲಿ ಗೂಗಲ್ ಸಂಸ್ಥೆಯು ಆ್ಯಪಲ್ ಸಂಸ್ಥೆಗೆ ಸುಮಾರು 2,000 ಕೋಟಿ ಡಾಲರ್ ಕೊಟ್ಟಿತು. ಆ್ಯಪಲ್ ಫೋನುಗಳಲ್ಲಿರುವ ಸಫಾರಿ ಬ್ರೌಸರಿನಲ್ಲಿ ಏನನ್ನಾದರೂ ಹುಡುಕಿದಾಗ ಆ ಹುಡುಕಾಟವು ತಾನಾಗಿಯೇ ಗೂಗಲ್‌ಗೆ ಹೋಗಬೇಕೆಂಬ ಒಪ್ಪಂದದಂತೆ, ಜಾಹೀರಾತಿನ ಆದಾಯದ ಪಾಲಾಗಿ ಕೊಟ್ಟ ಹಣವಿದು. ಅಮೆರಿಕದ ನ್ಯಾಯ ಇಲಾಖೆ ಗೂಗಲ್ ವಿರುದ್ಧ ಹೂಡಿದ ಏಕಸ್ವಾಮ್ಯ ಮೊಕದ್ದಮೆಯ ದಾಖಲೆಗಳಿಂದ ಈ ಮೊತ್ತ ಹೊರಬಿತ್ತು. ಬೇರೆ ಹುಡುಕಾಟ ಸೇವೆ ಬೇಕೆನ್ನುವವರು ಸೆಟ್ಟಿಂಗ್ಸ್‌ಗೆ ಹೋಗಿ ಒಂದು ನಿಮಿಷದೊಳಗೆ ಅದನ್ನು ಬದಲಾಯಿಸಿಕೊಳ್ಳಬಹುದಿತ್ತು, ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಹಾಗಿದ್ದೂ ಅಷ್ಟು ಹಣ ಕೈ ಬದಲಾಯಿತೆಂದರೆ, ಆ ಒಂದು ನಿಮಿಷದ ಕೆಲಸವನ್ನು ಬಹುಪಾಲು ಜನ ಮಾಡುವುದಿಲ್ಲವೆಂಬುದು ಕೊಟ್ಟವರಿಗೂ ಪಡೆದವರಿಗೂ ಚೆನ್ನಾಗಿ ಗೊತ್ತಿತ್ತು.

ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. 2021ರ ಏಪ್ರಿಲ್‌ನಲ್ಲಿ ಆ್ಯಪಲ್ ತನ್ನ ಫೋನುಗಳಲ್ಲಿ ಒಂದು ನಿಯಮವನ್ನು ತಿರುಗಿಸಿ ಹಾಕಿತು. ಅಲ್ಲಿಯವರೆಗೆ ಆ್ಯಪ್‌ಗಳು ಬಳಕೆದಾರರ ಜಾಡು ಹಿಡಿಯುವುದು ಸಹಜವೆಂದೂ, ಬೇಡವೆನ್ನುವವರು ಎಲ್ಲೋ ಒಳಗೆ ಹೋಗಿ ಅದನ್ನು ನಿಲ್ಲಿಸಿಕೊಳ್ಳಬೇಕೆಂದೂ ಇತ್ತು. ಅಲ್ಲಿಂದ ಮುಂದೆ ಪ್ರತಿ ಆ್ಯಪ್ ಎದುರಿಗೆ ನಿಂತು ಅನುಮತಿ ಕೇಳಬೇಕಾಯಿತು. ಈ ಬದಲಾವಣೆಯಿಂದ 2022ರಲ್ಲಿ ತನಗೆ ಸುಮಾರು 1,000 ಕೋಟಿ ಡಾಲರ್ ಆದಾಯ ಖೋತಾ ಆಗಬಹುದೆಂದು ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ ತನ್ನ ಹೂಡಿಕೆದಾರರಿಗೆ ತಿಳಿಸಿತು. ಜನರ ಮನಸ್ಸು ರಾತ್ರೋರಾತ್ರಿ ಬದಲಾಗಿರಲಿಲ್ಲ, ಪ್ರಶ್ನೆ ಕೇಳುವ ಜಾಗ ಮಾತ್ರ ಬದಲಾಗಿತ್ತು.

ಈ ಎರಡು ಸಂಗತಿಗಳನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಫೋನ್ ಬಿಟ್ಟಿರಲಾಗುತ್ತಿಲ್ಲ, ಬೇಡದ್ದನ್ನು ಕೊಂಡೆ, ಯಾರೊಂದಿಗೋ ವೃಥಾ ಜಗಳಕ್ಕೆ ಬಿದ್ದೆ ಎಂದು ಹಳಹಳಿಸುವವರು ಸಾಮಾನ್ಯವಾಗಿ ತಮ್ಮ ಮನೋಬಲವನ್ನೇ ದೂರುತ್ತಾರೆ, ನಾಳೆಯಿಂದ ಗಟ್ಟಿಯಾಗಿರುತ್ತೇನೆ ಎಂದು ತೀರ್ಮಾನಿಸುತ್ತಾರೆ. ಆ ತೀರ್ಮಾನ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ದಿನಕ್ಕೆ ನೂರು ಸಲ ಬೇಡವೆನ್ನುವುದಕ್ಕಿಂತ, ವೇದಿಕೆಯವರು ನಮ್ಮ ಪರವಾಗಿ ಬೇಕೆಂದು ಮೊದಲೇ ಗುರುತು ಹಾಕಿಟ್ಟ ಚೌಕವನ್ನು ಒಮ್ಮೆ ಹುಡುಕಿ ಅಳಿಸುವುದು ಸುಲಭ. ಕೆಳಗಿನ ಹೆಜ್ಜೆಗಳೆಲ್ಲ ಆ ಹುಡುಕಾಟವೇ ಆಗಿದ್ದು, ಮೊದಲನೆಯದಕ್ಕೆ ಒಂದು ದಿನವೂ ಉಳಿದವುಗಳಿಗೆ ಒಂದು ಸಂಜೆಯೂ ಬೇಕಾಗುತ್ತದೆ.

ಮೊದಲ ಹೆಜ್ಜೆ: ಒಂದು ದಿನದ ಲೆಕ್ಕ ಬರೆಯಿರಿ

ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಫೋನನ್ನು ಯಾತಕ್ಕಾಗಿ ತೆರೆದಿರಿ ಎಂದೂ, ಎರಡನೆಯದರಲ್ಲಿ ಏನನ್ನು ನೋಡುತ್ತಿರುವಾಗ ಮುಚ್ಚಿದಿರಿ ಎಂದೂ, ಮೂರನೆಯದರಲ್ಲಿ ನಡುವೆ ಎಷ್ಟು ಹೊತ್ತು ಕಳೆಯಿತು ಎಂದೂ ಬರೆಯಿರಿ. ಐಫೋನಿನ ಸ್ಕ್ರೀನ್ ಟೈಮ್ ಮತ್ತು ಆಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್ ಪುಟಗಳು ದಿನಕ್ಕೆ ಎಷ್ಟು ಸಲ ಫೋನ್ ತೆರೆದಿರಿ, ಎಷ್ಟು ನೋಟಿಫಿಕೇಶನ್ ಬಂದವು ಎಂಬ ಲೆಕ್ಕವನ್ನು ಕೊಡುತ್ತವೆ. ಆದರೆ ಯಾತಕ್ಕಾಗಿ ತೆರೆದಿರಿ ಎಂಬುದನ್ನು ಅವು ಹೇಳಲಾರವು. ನಾನು ಹೀಗೆ ಬರೆದ ದಿನ ಮೂವತ್ತೇಳು ಸಾಲುಗಳಾದವು, ಅವುಗಳಲ್ಲಿ ಹತ್ತೊಂಬತ್ತರ ಮೊದಲ ಕಾಲಂ ಖಾಲಿಯಿತ್ತು. ಒಂದು ಸಾಲಿನಲ್ಲಿ "ಹವಾಮಾನ ನೋಡಲು" ಎಂದು ಬರೆದು, ಎರಡನೆಯ ಕಾಲಂನಲ್ಲಿ "ಯಾರೋ ಬಾವಿ ಶುಚಿಗೊಳಿಸುವ ವಿಡಿಯೊ" ಎಂದೂ, ಮೂರನೆಯದರಲ್ಲಿ "48 ನಿಮಿಷ" ಎಂದೂ ಬರೆದಿದ್ದೆ. ಅಂದು ಮಳೆ ಬರಲಿದೆಯೇ ಇಲ್ಲವೇ ಎಂಬುದು ಮಾತ್ರ ಆ ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ.

ಮೊದಲ ಕಾಲಂ ಖಾಲಿ ಇರುವ ಸಾಲುಗಳ ಎದುರಿಗೆ ಯಾವ ಆ್ಯಪ್ ಹೆಚ್ಚು ಸಲ ಬಂದಿದೆಯೆಂದು ಎಣಿಸಿರಿ. ಮುಂದಿನ ಹೆಜ್ಜೆಗಳನ್ನು ಆ ಆ್ಯಪ್‌ನಿಂದಲೇ ಆರಂಭಿಸಬೇಕು. ಎಲ್ಲವನ್ನೂ ಒಂದೇ ಸಲ ಸರಿಪಡಿಸಲು ಹೊರಟವರು ಮೂರನೇ ದಿನಕ್ಕೆ ಕೈಬಿಡುವುದನ್ನು ನೋಡಿದ್ದೇನೆ.

ಎರಡನೇ ಹೆಜ್ಜೆ: ಯಂತ್ರವು ಏನನ್ನು ಅಳೆಯುತ್ತಿದೆ ಎಂದು ತಿಳಿಯಿರಿ

ನಿಮಗೆ ಏನನ್ನು ತೋರಿಸಬೇಕೆಂದು ಲೆಕ್ಕಹಾಕುವ ಸೂತ್ರಕ್ಕೆ, ಅಂದರೆ ಅಲ್ಗಾರಿದಂಗೆ, ನಿಮ್ಮ ಮನಸ್ಸು ಓದಲು ಬರುತ್ತದೆಂಬ ಮಾತು ಉತ್ಪ್ರೇಕ್ಷೆ. ಅದು ಅಳೆಯಬಲ್ಲದ್ದನ್ನು ಮಾತ್ರ ಅಳೆಯುತ್ತದೆ, ಅಳೆದದ್ದನ್ನು ಹೆಚ್ಚಿಸಲು ಹೊರಡುತ್ತದೆ. ಯಾವುದನ್ನು ಅಳೆಯಬೇಕೆಂದು ತೀರ್ಮಾನಿಸುವವರು ಮಾತ್ರ ಮನುಷ್ಯರೇ. ಯೂಟ್ಯೂಬ್ 2012ರವರೆಗೆ ಒಂದು ವಿಡಿಯೊವನ್ನು ಎಷ್ಟು ಜನ ತೆರೆದರು ಎಂಬುದಕ್ಕೆ ಹೆಚ್ಚು ಬೆಲೆ ಕೊಡುತ್ತಿತ್ತು, ಆ ವರ್ಷದಿಂದ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಬೆಲೆ ಕೊಡತೊಡಗಿತು. ಫೇಸ್‌ಬುಕ್ 2017ರಲ್ಲಿ ಕೋಪ, ಅಚ್ಚರಿ, ಪ್ರೀತಿ ಮೊದಲಾದ ಭಾವಚಿಹ್ನೆಗಳಿಗೆ ಸಾಮಾನ್ಯ ಲೈಕ್‌ಗಿಂತ ಐದು ಪಟ್ಟು ತೂಕ ಕೊಟ್ಟಿತು. ಹೀಗಾಗಿ ಯಾರನ್ನಾದರೂ ಕೆರಳಿಸುವ ಬರಹ, ಯಾರಿಗಾದರೂ ಸುಮ್ಮನೆ ಇಷ್ಟವಾಗುವ ಬರಹಕ್ಕಿಂತ ಹೆಚ್ಚು ಜನರ ಕಣ್ಣಿಗೆ ಬೀಳುವಂತಾಯಿತು. ಕೋಪದ ಚಿಹ್ನೆಯ ತೂಕವನ್ನು ಆ ಸಂಸ್ಥೆ ಹಂತಹಂತವಾಗಿ ಇಳಿಸುತ್ತ ಬಂದು 2020ರಲ್ಲಿ ಸೊನ್ನೆ ಮಾಡಿತು. ಅಷ್ಟರೊಳಗೆ ಮೂರು ವರ್ಷ ಕಳೆದಿದ್ದವು.

ಫೀಡ್‌ನಲ್ಲಿ, ಅಂದರೆ ಆ್ಯಪ್ ಒಂದರ ಕೆಳಗೊಂದು ತೋರಿಸುತ್ತ ಹೋಗುವ ಬರಹಗಳ ಸಾಲಿನಲ್ಲಿ, ಏನು ಕಾಣಿಸುತ್ತದೆ ಎಂಬುದರಿಂದ ಓದುವವರ ಭಾವನೆ ಬದಲಾಗುತ್ತದೆಯೇ ಎಂಬುದನ್ನೂ ಪರೀಕ್ಷಿಸಿ ನೋಡಲಾಗಿದೆ. 2012ರ ಜನವರಿಯಲ್ಲಿ ಒಂದು ವಾರ ಕಾಲ ಫೇಸ್‌ಬುಕ್ 6,89,003 ಬಳಕೆದಾರರ ಫೀಡ್‌ಗಳಲ್ಲಿ ಕೆಲವರಿಗೆ ಸಂತೋಷದ ಬರಹಗಳನ್ನೂ ಕೆಲವರಿಗೆ ದುಃಖದ ಬರಹಗಳನ್ನೂ ಕಡಿಮೆ ಮಾಡಿತು, ಅವರು ಬರೆಯುವ ಮಾತುಗಳೂ ಅದೇ ದಿಕ್ಕಿಗೆ ಸ್ವಲ್ಪ ವಾಲಿದವು. ಪರಿಣಾಮ ಬಹಳ ಚಿಕ್ಕದೆಂದು ಸಂಶೋಧಕರೇ ಹೇಳಿದ್ದಾರೆ, ಅದನ್ನು ಹಿಗ್ಗಿಸಿ ಹೇಳುವುದು ತಪ್ಪು. ನನ್ನ ಆಕ್ಷೇಪ ಇರುವುದು ಪರಿಣಾಮದ ಗಾತ್ರದ ಬಗ್ಗೆ ಅಲ್ಲ. ತಾವು ಪ್ರಯೋಗದ ಭಾಗವಾಗಿದ್ದೇವೆಂದು ಆ ಏಳು ಲಕ್ಷದಷ್ಟು ಜನರಿಗೆ ಯಾರೂ ಹೇಳಿರಲಿಲ್ಲ, 2014ರಲ್ಲಿ ಫಲಿತಾಂಶ ಪ್ರಕಟವಾದ ಮೇಲಷ್ಟೇ ಲೋಕಕ್ಕೆ ಗೊತ್ತಾಯಿತು.

ಫೀಡ್‌ಗೆ ಕೊನೆಯೇ ಇಲ್ಲದಿರುವುದೂ ಯಾರೋ ಮಾಡಿಟ್ಟ ಆಯ್ಕೆಯೇ. 2006ರಲ್ಲಿ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ ಪುಟದ ಕೊನೆಗೆ ಬಂದಾಗ "ಮುಂದಿನ ಪುಟ" ಎಂದು ಒತ್ತುವ ಕಷ್ಟವನ್ನು ತಪ್ಪಿಸಲು ತಾನಾಗಿಯೇ ಮುಂದುವರಿಯುವ ಪುಟವನ್ನು ರೂಪಿಸಿದರು. ಮುಂದೆ ಅವರೇ ಅದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪ ವ್ಯಕ್ತಪಡಿಸಿದರು. ಪುಟದ ಕೊನೆಯೆಂಬುದು ಓದುಗನು "ಸಾಕೇ?" ಎಂದು ತನ್ನನ್ನು ತಾನು ಕೇಳಿಕೊಳ್ಳುವ ಜಾಗವಾಗಿತ್ತು. ಕೊನೆ ಮಾಯವಾದೊಡನೆ ಆ ಪ್ರಶ್ನೆಯೂ ಮಾಯವಾಯಿತು.

ಮೂರನೇ ಹೆಜ್ಜೆ: ನೋಟಿಫಿಕೇಶನ್‌ಗಳನ್ನು ಸೋಸಿರಿ

ಇಲ್ಲಿ ಒಂದೇ ಪ್ರಶ್ನೆ ಸಾಕು: ಇದನ್ನು ಕಳಿಸಿದ್ದು ಮನುಷ್ಯನೇ, ಯಂತ್ರವೇ? ಪರಿಚಿತರ ಸಂದೇಶ, ಕರೆ, ಬ್ಯಾಂಕಿನ ಎಚ್ಚರಿಕೆ ಇವುಗಳನ್ನು ಉಳಿಸಿಕೊಳ್ಳಿ. "ನೀವು ನೋಡದೆ ಬಿಟ್ಟ ಐದು ಪೋಸ್ಟ್‌ಗಳು", "ನಿಮ್ಮ ಸ್ನೇಹಿತರು ಇದನ್ನು ಇಷ್ಟಪಟ್ಟಿದ್ದಾರೆ" ಎಂಬಂಥವನ್ನು ಮುಲಾಜಿಲ್ಲದೆ ನಿಲ್ಲಿಸಿರಿ. ಆಂಡ್ರಾಯ್ಡ್‌ನಲ್ಲಿ ಬಂದ ನೋಟಿಫಿಕೇಶನ್ ಮೇಲೆ ಬೆರಳೊತ್ತಿ ಹಿಡಿದರೆ ಆ ಆ್ಯಪ್‌ನಿಂದ ಬರುವ ಆ ಒಂದು ಬಗೆಯನ್ನು ಮಾತ್ರ ಮುಚ್ಚುವ ಅವಕಾಶ ಸಾಮಾನ್ಯವಾಗಿ ಸಿಗುತ್ತದೆ. ಐಫೋನಿನಲ್ಲಿ ತುರ್ತಲ್ಲದವುಗಳನ್ನು ದಿನಕ್ಕೆ ಒಂದೋ ಎರಡೋ ಹೊತ್ತಿನಲ್ಲಿ ಒಟ್ಟಾಗಿ ತೋರಿಸುವ ವ್ಯವಸ್ಥೆಯಿದೆ. ಆ್ಯಪ್ ಚಿತ್ರದ ಮೂಲೆಯಲ್ಲಿ ಕೂರುವ ಕೆಂಪು ಸಂಖ್ಯೆಯನ್ನೂ ತೆಗೆದುಬಿಡಿ, ಸದ್ದಿಲ್ಲದೆ ಕರೆಯುವುದರಲ್ಲಿ ಅದು ಗಂಟೆಗಿಂತ ಪಳಗಿದ್ದು.

ನಾಲ್ಕನೇ ಹೆಜ್ಜೆ: ಫೀಡ್‌ನ ಬೇರನ್ನು ಕತ್ತರಿಸಿರಿ

ಬೇಡದ ವಿಡಿಯೊ ಬಂದಾಗ "ಇಷ್ಟವಿಲ್ಲ" ಎಂದು ಒತ್ತಿದರೆ ಸಾಕೆಂದು ನಂಬಿದವರು ಬಹಳ. ಫೈರ್‌ಫಾಕ್ಸ್ ಬ್ರೌಸರಿನ ಹಿಂದಿರುವ ಮೊಜಿಲ್ಲಾ ಪ್ರತಿಷ್ಠಾನವು 2022ರಲ್ಲಿ 20,000ಕ್ಕೂ ಹೆಚ್ಚು ಸ್ವಯಂಸೇವಕರ ನೆರವಿನಿಂದ ಯೂಟ್ಯೂಬ್‌ನ ಈ ಗುಂಡಿಗಳನ್ನು ಪರೀಕ್ಷಿಸಿತು. ಡಿಸ್‌ಲೈಕ್ ಮತ್ತು "ಆಸಕ್ತಿಯಿಲ್ಲ" ಎಂಬ ಗುಂಡಿಗಳು ಅದೇ ಬಗೆಯ ಶಿಫಾರಸುಗಳನ್ನು ಶೇಕಡ 11-12ರಷ್ಟು ಮಾತ್ರ ತಡೆದವು. "ಈ ಚಾನೆಲ್‌ನ ಶಿಫಾರಸು ಬೇಡ" ಎಂಬುದು ಶೇಕಡ 43ರಷ್ಟನ್ನೂ, ನೋಡಿದ ಪಟ್ಟಿಯಿಂದ ವಿಡಿಯೊವನ್ನು ಅಳಿಸುವುದು ಶೇಕಡ 29ರಷ್ಟನ್ನೂ ತಡೆದವು. ಆದ್ದರಿಂದ ಗುಂಡಿ ಒತ್ತಲೇಬೇಕಾದರೆ ಚಾನೆಲ್ ಬೇಡವೆನ್ನುವ ಗುಂಡಿಯನ್ನೇ ಒತ್ತಿರಿ.

ಅದಕ್ಕಿಂತ ಒಳ್ಳೆಯ ದಾರಿಯೆಂದರೆ ಯಂತ್ರಕ್ಕೆ ಮೇವು ನಿಲ್ಲಿಸುವುದು. ಯೂಟ್ಯೂಬ್‌ನ ಸೆಟ್ಟಿಂಗ್ಸ್‌ನಲ್ಲಿ ನೋಡಿದ ವಿಡಿಯೊಗಳ ದಾಖಲೆಯನ್ನು ಅಳಿಸಿ, ಮುಂದೆ ದಾಖಲಿಸದಂತೆ ನಿಲ್ಲಿಸಿದರೆ ಮುಖಪುಟ ಖಾಲಿಯಾಗುತ್ತದೆ. 2023ರ ಆಗಸ್ಟ್‌ನಿಂದ ಹೀಗಿದೆ. ಮೊದಲ ಸಲ ಆ ಬಿಳಿ ಪುಟವನ್ನು ಕಂಡಾಗ ಏನೋ ಕೆಟ್ಟುಹೋಗಿದೆ ಎನಿಸುತ್ತದೆ, ಆಮೇಲೆ ನೀವು ಯಾತಕ್ಕಾಗಿ ಬಂದಿರೆಂದು ಟೈಪ್ ಮಾಡಲೇಬೇಕಾಗುತ್ತದೆ. ಲೆಕ್ಕದ ಹಾಳೆಯ ಮೊದಲ ಕಾಲಂ ಈಗ ತಾನಾಗಿ ತುಂಬುತ್ತದೆ. ಒಂದು ವಿಡಿಯೊ ಮುಗಿದೊಡನೆ ಇನ್ನೊಂದು ಆರಂಭವಾಗುವ ಆಟೊಪ್ಲೇಯನ್ನೂ ಅಲ್ಲೇ ನಿಲ್ಲಿಸಿರಿ. ಇನ್‌ಸ್ಟಾಗ್ರಾಂನಲ್ಲಿ ನೀವು ಅನುಸರಿಸುವವರ ಪೋಸ್ಟ್‌ಗಳನ್ನು ಮಾತ್ರ ಹೊಸದರಿಂದ ಹಳೆಯದಕ್ಕೆ ತೋರಿಸುವ ಪಟ್ಟಿ 2022ರಿಂದ ಇದೆ. ಆದರೆ ಆ್ಯಪ್ ತೆರೆದಾಗ ಮೊದಲು ಎದುರಾಗುವುದು ಆ ಪಟ್ಟಿಯಲ್ಲ, ಪ್ರತಿ ಸಲವೂ ನೀವೇ ಅದನ್ನು ಆರಿಸಿಕೊಳ್ಳಬೇಕು. ಒಂದು ಆಯ್ಕೆಯನ್ನು ಕೊಟ್ಟೂ ಕೊಡದಂತೆ ಇಡುವುದು ಹೇಗೆಂಬುದಕ್ಕೆ ಇಷ್ಟು ಒಳ್ಳೆಯ ಉದಾಹರಣೆ ಬೇರೆ ಸಿಗಲಾರದು.

ಐದನೇ ಹೆಜ್ಜೆ: ಹಣ ಕೇಳುವ ಪುಟಗಳನ್ನು ನಿಧಾನವಾಗಿ ಓದಿರಿ

ಬಳಕೆದಾರನಿಗೆ ಬೇಡದ್ದನ್ನು ಅವನ ಕೈಯಿಂದಲೇ ಮಾಡಿಸುವ ವಿನ್ಯಾಸಗಳಿಗೆ ಡಾರ್ಕ್ ಪ್ಯಾಟರ್ನ್ ಎಂಬ ಹೆಸರಿದೆ. ಬ್ರಿಟನ್ನಿನ ವಿನ್ಯಾಸ ತಜ್ಞ ಹ್ಯಾರಿ ಬ್ರಿಗ್ನಲ್ 2010ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. 2019ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರೂ ಅವರ ಸಹೋದ್ಯೋಗಿಗಳೂ ಸುಮಾರು 11,000 ಮಾರಾಟ ಜಾಲತಾಣಗಳನ್ನು ಸಾಫ್ಟ್‌ವೇರ್ ಮೂಲಕ ಜಾಲಾಡಿದಾಗ ಇಂಥ 1,818 ಉದಾಹರಣೆಗಳು ಸಿಕ್ಕವು, 183 ಜಾಲತಾಣಗಳಲ್ಲಿ ನೇರವಾದ ವಂಚನೆಯೇ ಇತ್ತು.

ಅವರು ಕಂಡ ವಂಚನೆಗಳಲ್ಲಿ ಒಂದನ್ನು ನೀವೂ ಪರೀಕ್ಷಿಸಬಹುದು. "ಈ ಬೆಲೆ ಇನ್ನು 9 ನಿಮಿಷ 58 ಸೆಕೆಂಡ್ ಮಾತ್ರ" ಎಂದು ಗಡಿಯಾರ ಓಡುತ್ತಿದ್ದರೆ ಅದೇ ಪುಟವನ್ನು ಬ್ರೌಸರಿನ ಖಾಸಗಿ (ಇನ್‌ಕಾಗ್ನಿಟೊ) ಕಿಟಕಿಯಲ್ಲಿ ಹೊಸದಾಗಿ ತೆರೆಯಿರಿ. ಗಡಿಯಾರ ಮತ್ತೆ ಹತ್ತು ನಿಮಿಷದಿಂದ ಓಡತೊಡಗಿದರೆ ಅದಕ್ಕೂ ಬೆಲೆಗೂ ಸಂಬಂಧವಿಲ್ಲ. "ಎರಡೇ ಉಳಿದಿವೆ", "ಈಗ 14 ಜನ ನೋಡುತ್ತಿದ್ದಾರೆ" ಎಂಬ ಮಾತುಗಳನ್ನು ಮಾರನೆಯ ದಿನ ಮತ್ತೆ ನೋಡಿದರೆ ಹಲವು ಸಲ ಬಣ್ಣ ಬಯಲಾಗುತ್ತದೆ.

ಚಂದಾ ರದ್ದುಮಾಡುವ ದಾರಿಯಲ್ಲಿ ಇವೆಲ್ಲ ಒಟ್ಟಿಗೆ ಸಿಗುತ್ತವೆ. ಒಂದು ಸೇವೆಯ ತಿಂಗಳ ಉಚಿತ ಪ್ರಯೋಗಕ್ಕೆ ಸೇರಲು ನನಗೆ ಒಂದು ಪುಟವೂ ಎರಡು ಒತ್ತುಗಳೂ ಸಾಕಾಗಿದ್ದವು. ಬಿಡಲು ಹೊರಟಾಗ ಮೊದಲ ಪುಟದಲ್ಲಿ "ಸೌಲಭ್ಯಗಳನ್ನು ಉಳಿಸಿಕೊಳ್ಳಿ" ಎಂಬುದು ದಪ್ಪ ನೀಲಿ ಗುಂಡಿಯಾಗಿತ್ತು, "ಮುಂದುವರಿಯಿರಿ" ಎಂಬುದು ಬೂದು ಬಣ್ಣದ ಸಣ್ಣ ಅಕ್ಷರವಾಗಿತ್ತು. ಎರಡನೆಯ ಪುಟದಲ್ಲಿ ಕಾರಣ ಕೇಳಿದರು. ಮೂರನೆಯದರಲ್ಲಿ ಅರ್ಧ ಬೆಲೆಯ ಆಸೆ ತೋರಿಸಿ, ನಿರಾಕರಿಸುವ ಗುಂಡಿಗೆ "ಬೇಡ, ಹಣ ಉಳಿಸುವುದು ನನಗಿಷ್ಟವಿಲ್ಲ" ಎಂದು ಹೆಸರಿಟ್ಟಿದ್ದರು. ನಾಲ್ಕನೆಯ ಪುಟದಲ್ಲಿ ಬಣ್ಣಗಳು ಅದಲುಬದಲಾಗಿದ್ದವು: ಅಲ್ಲಿಯವರೆಗೆ ಬೂದು ಅಕ್ಷರವನ್ನೇ ಒತ್ತುತ್ತ ಬಂದ ನನ್ನ ಬೆರಳು ಈ ಸಲ "ಚಂದಾ ಮುಂದುವರಿಸಿ" ಎಂಬುದನ್ನು ಒತ್ತಿತು. ತಪ್ಪು ನನ್ನದೇ ಎಂದುಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದೆ. ಅದು ನನ್ನ ತಪ್ಪೆಂದು ಈಗ ಅನಿಸುವುದಿಲ್ಲ.

ದೊಡ್ಡ ಸಂಸ್ಥೆಗಳ ಮೇಲೂ ಇಂಥದ್ದೇ ಆರೋಪ ಬಂದಿದೆ. ಅಮೆಜಾನ್ ಪ್ರೈಮ್ ಚಂದಾ ಬಿಡಲು ನಾಲ್ಕು ಪುಟ, ಆರು ಒತ್ತು, ಹದಿನೈದು ಆಯ್ಕೆಗಳನ್ನು ದಾಟಬೇಕಿತ್ತೆಂದು ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರ ತನ್ನ ದಾವೆಯಲ್ಲಿ ಹೇಳಿತು. ಸಂಸ್ಥೆಯೊಳಗೆ ಈ ವ್ಯವಸ್ಥೆಗೆ ಗ್ರೀಕರ ದೀರ್ಘ ಯುದ್ಧಕಾವ್ಯ "ಇಲಿಯಡ್"ನ ಹೆಸರಿತ್ತು ಎಂಬುದೂ ಅದೇ ದಾವೆಯಲ್ಲಿದೆ. 2025ರ ಸೆಪ್ಟೆಂಬರ್‌ನಲ್ಲಿ ಅಮೆಜಾನ್ ತಪ್ಪೊಪ್ಪಿಕೊಳ್ಳದೆ 250 ಕೋಟಿ ಡಾಲರಿಗೆ ರಾಜಿಯಾಯಿತು.

ಹಾಗಾದರೆ ಮಾಡಬೇಕಾದ್ದೇನು? ಉಚಿತ ಪ್ರಯೋಗಕ್ಕೆ ಸೇರಿದ ದಿನವೇ ರದ್ದುಮಾಡಿರಿ, ಹೆಚ್ಚಿನ ಸೇವೆಗಳು ಅವಧಿ ಮುಗಿಯುವವರೆಗೆ ನಡೆಯುತ್ತವೆ. ಸೇರುವ ಮುನ್ನ ರದ್ದುಮಾಡುವ ಪುಟ ಎಲ್ಲಿದೆಯೆಂದು ನೋಡಿಕೊಳ್ಳಿ, ಅದು ಸಿಗದಿದ್ದರೆ ಸೇರಲೇಬೇಡಿ. ಫೋನಿನ ಆ್ಯಪ್ ಸ್ಟೋರ್ ಮೂಲಕ ಪಡೆದ ಚಂದಾಗಳನ್ನು ಆ ಸ್ಟೋರ್‌ನ ಚಂದಾ ಪಟ್ಟಿಯಿಂದಲೇ ನಿಲ್ಲಿಸಬೇಕು, ಆ್ಯಪ್ ಅಳಿಸಿದ ಮಾತ್ರಕ್ಕೆ ಹಣ ಕಡಿತ ನಿಲ್ಲುವುದಿಲ್ಲ. ಪ್ರತಿ ಪುಟದಲ್ಲಿಯೂ ಗುಂಡಿಯ ಬಣ್ಣವನ್ನು ನೋಡದೆ ಅದರ ಮೇಲಿನ ಕ್ರಿಯಾಪದವನ್ನು ಮಾತ್ರ ಓದಿರಿ, ಕೊನೆಯ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಆರನೇ ಹೆಜ್ಜೆ: ಜಾಡು ಹಿಡಿಯುವವರಿಗೆ ಬಾಗಿಲು ಮುಚ್ಚಿರಿ

ಕುಕೀಗಳಿಗೆ (ನಿಮ್ಮನ್ನು ಗುರುತಿಸಲು ಜಾಲತಾಣಗಳು ಬ್ರೌಸರಿನಲ್ಲಿ ಇಡುವ ಸಣ್ಣ ಕಡತಗಳಿಗೆ) ಅನುಮತಿ ಕೇಳುವ ಪಟ್ಟಿಯಲ್ಲಿ "ಒಪ್ಪುತ್ತೇನೆ" ಒಂದೇ ಒತ್ತಿಗೆ ಸಿಕ್ಕಿ, "ನಿರಾಕರಿಸು" ಎಂಬುದು ಎರಡು ಪುಟಗಳ ಹಿಂದೆ ಅಡಗಿರುವುದು ಆಕಸ್ಮಿಕವಲ್ಲ. ಒಪ್ಪುವಷ್ಟೇ ಸುಲಭವಾಗಿ ನಿರಾಕರಿಸಲು ಬಿಡಲಿಲ್ಲವೆಂಬ ಕಾರಣಕ್ಕೆ ಫ್ರಾನ್ಸಿನ ದತ್ತಾಂಶ ರಕ್ಷಣಾ ಪ್ರಾಧಿಕಾರವು ಗೂಗಲ್‌ಗೆ 15 ಕೋಟಿ ಯೂರೊ, ಫೇಸ್‌ಬುಕ್‌ಗೆ 6 ಕೋಟಿ ಯೂರೊ ದಂಡ ಹಾಕಿದ್ದನ್ನು 2022ರ ಜನವರಿಯಲ್ಲಿ ಪ್ರಕಟಿಸಿತು. ಈ ಪಟ್ಟಿಗಳೊಡನೆ ದಿನವೂ ಗುದ್ದಾಡುವ ಬದಲು ಜಾಹೀರಾತು ಮತ್ತು ಜಾಡುಕೋರರನ್ನು ತಡೆಯುವ ಒಂದು ಎಕ್ಸ್‌ಟೆನ್ಷನ್ ಅನ್ನು ಬ್ರೌಸರಿಗೆ ಸೇರಿಸಿರಿ. ಇದು ಕಂಜೂಸುತನದ ಸಲಹೆಯಲ್ಲ. ಹೆಸರಾಂತ ಸಂಸ್ಥೆಗಳ ಸೋಗಿನಲ್ಲಿ ಹುಡುಕಾಟದ ಪುಟದ ಮೇಲ್ತುದಿಗೆ ಜಾಹೀರಾತು ಕೊಟ್ಟು ವಂಚಿಸುವವರಿಂದ ರಕ್ಷಣೆಗಾಗಿ ಜಾಹೀರಾತು ತಡೆ ಬಳಸಿರೆಂದು ಅಮೆರಿಕದ ಎಫ್‌ಬಿಐ 2022ರ ಡಿಸೆಂಬರ್‌ನಲ್ಲಿ ಸಾರ್ವಜನಿಕರಿಗೆ ಹೇಳಿದೆ.

ಫೋನಿನಲ್ಲಿ ಮಾಡಬೇಕಾದ್ದು ಇಷ್ಟೇ: ಐಫೋನಿನ ಗೌಪ್ಯತೆಯ ಸೆಟ್ಟಿಂಗ್ಸ್‌ನಲ್ಲಿ ಟ್ರ್ಯಾಕಿಂಗ್ ಎಂಬಲ್ಲಿ ಆ್ಯಪ್‌ಗಳು ಅನುಮತಿ ಕೇಳುವುದನ್ನೇ ನಿಲ್ಲಿಸಿರಿ, ಆಗ ಎಲ್ಲರಿಗೂ ಉತ್ತರ "ಬೇಡ" ಎಂದಾಗುತ್ತದೆ. ಆಂಡ್ರಾಯ್ಡ್‌ನಲ್ಲಿ ಜಾಹೀರಾತುದಾರರು ನಿಮ್ಮ ಫೋನನ್ನು ಗುರುತಿಸಲು ಬಳಸುವ ಜಾಹೀರಾತು ಐಡಿಯನ್ನು ಅಳಿಸಿರಿ. ಆಮೇಲೆ ಸ್ಥಳ, ಮೈಕ್, ಸಂಪರ್ಕಗಳ ಪಟ್ಟಿ ಈ ಮೂರಕ್ಕೆ ಯಾವ ಯಾವ ಆ್ಯಪ್‌ಗೆ ಅನುಮತಿಯಿದೆಯೆಂದು ನೋಡಿ, ಕಾರಣ ತಿಳಿಯದವುಗಳಿಂದ ಹಿಂಪಡೆಯಿರಿ. ಟಾರ್ಚ್ ಆ್ಯಪ್‌ಗೆ ನಿಮ್ಮ ಬಂಧುಗಳ ಫೋನ್ ನಂಬರುಗಳಿಂದ ಆಗಬೇಕಾದ್ದೇನೂ ಇಲ್ಲ.

ಏಳನೇ ಹೆಜ್ಜೆ: ಕೆರಳಿಸುವ ಸುದ್ದಿಯ ಪುಟದಿಂದ ಹೊರಗೆ ಬನ್ನಿ

2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಿದಾಡಿದ ಸುಮಾರು 1,26,000 ಸುದ್ದಿ ಸರಪಳಿಗಳನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಸುಳ್ಳು ಸುದ್ದಿಯನ್ನು ಜನ ಮತ್ತೊಬ್ಬರಿಗೆ ದಾಟಿಸುವ ಸಾಧ್ಯತೆ ನಿಜ ಸುದ್ದಿಗಿಂತ ಶೇಕಡ 70ರಷ್ಟು ಹೆಚ್ಚಿತ್ತು. ಈ ವ್ಯತ್ಯಾಸಕ್ಕೆ ಯಾಂತ್ರಿಕ ಖಾತೆಗಳು ಕಾರಣವಲ್ಲ, ಮನುಷ್ಯರೇ ಕಾರಣವೆಂದು ಅವರು ಕಂಡುಕೊಂಡರು. ಸುಳ್ಳಿನಲ್ಲಿ ಹೊಸತನವೂ ಅಚ್ಚರಿಯೂ ಹೆಚ್ಚಿರುತ್ತವೆ.

ವೃತ್ತಿನಿರತ ಸತ್ಯಶೋಧಕರು ಅನುಮಾನದ ಪುಟವನ್ನು ಕೂತು ಓದುವುದಿಲ್ಲ. ಅವರು ಕೂಡಲೇ ಇನ್ನೊಂದು ಟ್ಯಾಬ್ ತೆರೆದು, ಆ ಪುಟದ ಬಗ್ಗೆ ಬೇರೆಯವರು ಏನು ಹೇಳುತ್ತಾರೆಂದು ಹುಡುಕುತ್ತಾರೆ. ಪುಟದ ಅಂದಚೆಂದ, ಮುದ್ರೆ, ಗಂಭೀರ ಭಾಷೆ ಇವನ್ನೆಲ್ಲ ಯಾರು ಬೇಕಾದರೂ ತಯಾರಿಸಬಹುದು, ಕೃತಕ ಬುದ್ಧಿಮತ್ತೆ ಬಂದ ಮೇಲಂತೂ ಅದಕ್ಕೆ ಖರ್ಚೇ ಇಲ್ಲ. ಹಂಚಿಕೊಳ್ಳುವ ಗುಂಡಿಯತ್ತ ಬೆರಳು ಓಡುವ ಸುದ್ದಿಗೆ ಒಂದು ಟ್ಯಾಬ್‌ನಷ್ಟು ತಡ ಮಾಡಿರಿ, ಕೋಪ ಬಂದಿದ್ದರೆ ಎರಡು.

ಎಂಟನೇ ಹೆಜ್ಜೆ: ದೂರು ಕೊಡಿ, ಹಾಳೆಯನ್ನು ಇಟ್ಟುಕೊಳ್ಳಿ

ಒಬ್ಬೊಬ್ಬರೇ ಸೆಟ್ಟಿಂಗ್ಸ್ ಬದಲಾಯಿಸುವುದರಿಂದ ಎಲ್ಲವೂ ಸರಿಹೋಗುವುದಿಲ್ಲ. ಎಲ್ಲರಿಗೂ ಒಂದೇ ಸಲ ಚೌಕ ಅಳಿಸಬಲ್ಲದ್ದು ಕಾನೂನು. ಐರೋಪ್ಯ ಒಕ್ಕೂಟದ ಡಿಜಿಟಲ್ ಸೇವೆಗಳ ಕಾಯ್ದೆಯು ವೇದಿಕೆಗಳ ವಂಚಕ ವಿನ್ಯಾಸವನ್ನು ನಿಷೇಧಿಸಿ, ಬಹಳ ದೊಡ್ಡ ವೇದಿಕೆಗಳು ಬಳಕೆದಾರನ ಬಗ್ಗೆ ಕಲೆಹಾಕಿದ ಜಾತಕವನ್ನು ನೋಡದೆ ಕೊಡುವ ಫೀಡ್ ಒಂದನ್ನಾದರೂ ಇಡಲೇಬೇಕೆಂದು ವಿಧಿಸಿದೆ. ಭಾರತ ಸರ್ಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಸುಳ್ಳು ತುರ್ತು, ಬುಟ್ಟಿಗೆ ಗುಟ್ಟಾಗಿ ವಸ್ತು ಸೇರಿಸುವುದು, ನಾಚಿಕೆಪಡಿಸುವ ಗುಂಡಿ, ಚಂದಾ ಬಲೆ ಸೇರಿದಂತೆ 13 ಬಗೆಗಳನ್ನು ಹೆಸರಿಸಿ ತಡೆದಿದೆ. ದೂರು ಬರೆಯುವಾಗ "ಮೋಸವಾಯಿತು" ಎಂದಷ್ಟೇ ಹೇಳದೆ, ನಿಮ್ಮಲ್ಲಿ ಜಾರಿಯಲ್ಲಿರುವ ನಿಯಮ ಬಳಸುವ ಹೆಸರನ್ನೇ ಬಳಸಿ, ದಿನಾಂಕ ಮತ್ತು ಸ್ಕ್ರೀನ್‌ಶಾಟ್ ಲಗತ್ತಿಸಿದರೆ ಅದನ್ನು ಬದಿಗೆ ಸರಿಸುವುದು ಕಷ್ಟ.

ಮೊದಲ ದಿನದ ಹಾಳೆಯ ಹಿಂಬದಿಯಲ್ಲಿ ನೀವು ಬದಲಾಯಿಸಿದ ಸೆಟ್ಟಿಂಗ್‌ಗಳನ್ನೆಲ್ಲ ದಿನಾಂಕದೊಡನೆ ಬರೆದಿಡಿ. ಆ್ಯಪ್ ಅಪ್‌ಡೇಟ್ ಆದಾಗ, ಹೊಸ ಫೋನ್ ಕೊಂಡಾಗ, "ಹೊಸ ಅನುಭವಕ್ಕೆ ಸ್ವಾಗತ" ಎಂಬ ಪುಟ ಎದುರಾದಾಗ ಆ ಪಟ್ಟಿಯನ್ನು ಹಿಡಿದು ಒಂದೊಂದಾಗಿ ನೋಡಿಕೊಂಡು ಬನ್ನಿ. ಕಳೆದ ಸಲ ನಾನು ನೋಡಿದಾಗ ಹನ್ನೊಂದರಲ್ಲಿ ಎರಡು ಚೌಕಗಳಿಗೆ ಮತ್ತೆ ಗುರುತು ಬಿದ್ದಿತ್ತು.